ಜಪಾನಿನಲ್ಲಿದ್ದು ಜಪಾನಿ ಕಲಿಯುವುದು: ನಡುಹಂತದ ಹಾದಿ

ಜಪಾನಿ ಭಾಷೆಯ ಕಲಿಕೆಯಲ್ಲಿ ತೀರ ಉದ್ದವಾದ ಹಂತ ನಡುವಿನದು. ಹಿರಗಾನ, ಕಟಕಾನ ಎಂಬ ಎರಡು ಲಿಪಿಗಳು ಕೆಲವು ವಾರಗಳಲ್ಲಿ ಕೈವಶವಾಗುತ್ತವೆ. ಬೆಲೆ ಕೇಳುವ, ದಾರಿ ವಿಚಾರಿಸುವ ಮಾತು ಕೆಲವು ತಿಂಗಳಲ್ಲಿ ನಾಲಿಗೆಗೆ ಹತ್ತುತ್ತದೆ. ಆಮೇಲೆ ಎಷ್ಟು ಓದಿದರೂ ಮುಂದೆ ಸಾಗುತ್ತಿಲ್ಲ ಎನ್ನಿಸುವ ಕಾಲ ಬರುತ್ತದೆ. ಇದಕ್ಕೆ ಕಾರಣ ಕಲಿಯುವವರ ಆಲಸ್ಯವಲ್ಲ, ಹಾದಿಯೇ ಹಾಗಿದೆ. 1984ರಲ್ಲಿ ಶುರುವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಹಳೆಯ ಮಾನದಂಡದ ಪ್ರಕಾರ, ಮೂರನೆಯ ದರ್ಜೆಗೆ ಸುಮಾರು 300 ಕಾಂಜಿ (ಚೀನೀ ಮೂಲದ ಅಕ್ಷರ), 1,500 ಪದ, 300 ಗಂಟೆಗಳ ಪಾಠ ಬೇಕಿತ್ತು. ಅದರ ಮೇಲಿನ ಎರಡನೆಯ ದರ್ಜೆಗೆ 1,000 ಕಾಂಜಿ, 6,000 ಪದ, 600 ಗಂಟೆ. ಓದಿನ ಅವಧಿ ಇಮ್ಮಡಿಯಾದರೆ ಪದಗಳ ಹೊರೆ ನಾಲ್ಕು ಪಟ್ಟು ಏರುತ್ತಿತ್ತು. 2010ರಲ್ಲಿ ಪರೀಕ್ಷೆಯನ್ನು ಎನ್5ರಿಂದ ಎನ್1ರವರೆಗೆ ಐದು ದರ್ಜೆಗಳಾಗಿ ಮರುರೂಪಿಸಿದಾಗ, ಈ ಅಂತರವನ್ನು ತುಂಬಲೆಂದೇ ಎನ್3 ಹೊಸದಾಗಿ ಸೇರಿತು. ಎನ್3ರಿಂದ ಎನ್2ರವರೆಗಿನ ಈ ಹಾದಿಯೇ ಸ್ಥೂಲವಾಗಿ 'ಚೂಕ್ಯೂ', ಅಂದರೆ ಮಧ್ಯಮ ಹಂತ.

ಈ ಹಂತದ ವ್ಯಾಕರಣದಲ್ಲಿ ಬಹುಪಾಲು ಕನ್ನಡಿಗರಿಗೆ ಮೊದಲೇ ಗೊತ್ತಿರುವಂಥದು. 'ತಬೆತೆ ಮಿರು' ಎಂದರೆ ತಿಂದು ನೋಡು, 'ತಬೆತೆ ಶಿಮಾಉ' ಎಂದರೆ ತಿಂದುಬಿಡು, 'ಕತ್ತೆ ಒಕು' ಎಂದರೆ ಕೊಂಡಿಡು. 'ಕಿನೋ ಯೊಂದ ಹೊನ್' ಎಂಬುದು ಪದಕ್ಕೆ ಪದ ಕೂಡಿಸಿದರೆ 'ನಿನ್ನೆ ಓದಿದ ಪುಸ್ತಕ'. ಇಂಗ್ಲಿಷಿನಿಂದ ಬರುವವರು ವಾಕ್ಯವನ್ನು ತಲೆಕೆಳಗು ಮಾಡಿಕೊಂಡು ಅರಿಯಬೇಕಾದ ಇಂಥ ರಚನೆಗಳನ್ನು ಕನ್ನಡ ಬಲ್ಲವರು ಕೇಳಿದ ಕೂಡಲೇ ಹಿಡಿಯುತ್ತಾರೆ. ಕಡು-ಕಾಡುಗಳ ಅಂತರ ತಿಳಿದ ಕಿವಿಗೆ ಜಪಾನಿಯ ಹ್ರಸ್ವ-ದೀರ್ಘಗಳೂ ಒತ್ತಕ್ಷರಗಳೂ ತೊಡಕಾಗುವುದಿಲ್ಲ. ಪಟಪಟ, ಗಿರಗಿರದಂಥ ಅನುಕರಣ ಪದಗಳು ಜಪಾನಿಯಲ್ಲಿ ರಾಶಿರಾಶಿ ಇವೆ. ಲೀಲಾಜಾಲವಾಗಿ ಮಾತಾಡುವುದಕ್ಕೆ 'ಪೆರಪೆರ', ಮಿನುಗುವುದಕ್ಕೆ 'ಕಿರಕಿರ'. ಈ ಹೋಲಿಕೆಗಳನ್ನು ಕಂಡೇ ಜಪಾನಿನ ವಿದ್ವಾಂಸ ಒನೊ ಸುಸುಮು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದರು. ಬಹುತೇಕ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಆದರೆ ನಂಟಿಲ್ಲದಿದ್ದರೂ ರಚನೆಯ ಸಾಮ್ಯ ಕಲಿಯುವವರಿಗೆ ನಿಜವಾದ ಆಸ್ತಿ. ಕನ್ನಡದ ಹುಡುಗ ಹುಡುಗಿಯರು ಇಂಗ್ಲಿಷ್ ವಿವರಣೆಗಳ ಮೂಲಕವೇ ಜಪಾನಿ ಕಲಿತು ಈ ಆಸ್ತಿಯನ್ನು ಬಳಸದೆ ಬಿಡುವುದು ದೊಡ್ಡ ನಷ್ಟ.

ಸಾಮ್ಯ ಮುರಿಯುವ ಜಾಗಗಳೂ ಇವೆ. ಕನ್ನಡದಲ್ಲಿ ಕೊಡುವುದೆಲ್ಲ 'ಕೊಡು'. ಜಪಾನಿಯಲ್ಲಿ ತನ್ನ ಕಡೆಯವರು ಬೇರೆಯವರಿಗೆ ಕೊಟ್ಟರೆ 'ಅಗೆರು', ಬೇರೆಯವರು ತನಗೆ ಕೊಟ್ಟರೆ 'ಕುರೆರು'. ಕರ್ಮಣಿ ಪ್ರಯೋಗ ಕನ್ನಡದ ಆಡುಮಾತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜಪಾನಿಯಲ್ಲಿ ಮಳೆಗೆ ಸಿಕ್ಕಿ ಪಾಡುಪಟ್ಟದ್ದನ್ನೂ ಕರ್ಮಣಿಯಲ್ಲೇ ಹೇಳುವುದು ರೂಢಿ.

ನಿಜವಾದ ಕಡಿದಾದ ಏರು ಎಂದರೆ ಕಾಂಜಿ. ದಿನಬಳಕೆಗೆಂದು ಸರ್ಕಾರ ಪಟ್ಟಿಮಾಡಿದ ಕಾಂಜಿಗಳು 2010ರ ಪರಿಷ್ಕರಣೆಯ ನಂತರ 2,136. ಅವುಗಳಲ್ಲಿ 1,026ನ್ನು ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುತ್ತಾರೆ. ಮಕ್ಕಳಿಗೆ ಪದ ಮೊದಲೇ ಗೊತ್ತಿರುತ್ತದೆ, ಅದಕ್ಕೊಂದು ಬರಹ ಸಿಕ್ಕರೆ ಸಾಕು. ಹೊರಗಿನವರು ಪದ, ಅರ್ಥ, ಆಕಾರ, ಓದುವ ಬಗೆ ಇಷ್ಟನ್ನೂ ಒಟ್ಟಿಗೆ ಹೊರಬೇಕು. ಅದೂ ಒಂದು ಅಕ್ಷರಕ್ಕೆ ಒಂದೇ ಓದು ಇರುವುದಿಲ್ಲ: ಅಚ್ಚ ಜಪಾನಿ ಮೂಲದ್ದು ಒಂದು, ಚೀನೀ ಮೂಲದ್ದು ಮತ್ತೊಂದು. ಹೊರಡು ಎಂಬರ್ಥದ ಒಂದೇ ಕಾಂಜಿ ರೈಲು ನಿಲ್ದಾಣದ ಹೊರದಾರಿಯ ಫಲಕದಲ್ಲಿ 'ದೆಗುಚಿ' ಎಂಬ ಪದದೊಳಗೆ ಕಾಣುತ್ತದೆ, ರೈಲು ಹೊರಡುವ ಪ್ರಕಟಣೆಯಲ್ಲಿ 'ಶುಪ್ಪತ್ಸು' ಆಗುತ್ತದೆ, ನಗರಸಭೆಗೆ ಅರ್ಜಿ ಸಲ್ಲಿಸುವಾಗ 'ತೇಶುತ್ಸು' ಆಗಿ ಎದುರಾಗುತ್ತದೆ. ಈ ಮೂರೂ ಕಡೆ ಅದನ್ನು ಗುರುತಿಸಿದವರು ಪಟ್ಟಿ ಹಿಡಿದು ನೂರು ಸಲ ಬರೆದವರಿಗಿಂತ ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತಾರೆ. ಕಾಂಜಿಗಳ ಒಳಗೆ ಉಚ್ಚಾರದ ಸುಳಿವೂ ಅಡಗಿರುತ್ತದೆ. ನೀಲಿ ಎಂಬರ್ಥದ ಕಾಂಜಿಯ ಪಕ್ಕಕ್ಕೆ ನೀರಿನ ಗುರುತು ಸೇರಿದರೆ ನಿರ್ಮಲ, ಸೂರ್ಯನ ಗುರುತು ಸೇರಿದರೆ ತಿಳಿ ಆಕಾಶ, ಮಾತಿನ ಗುರುತು ಸೇರಿದರೆ ಬೇಡಿಕೆ. ಚೀನೀ ಮೂಲದ ಓದು ಮಾತ್ರ ಮೂರಕ್ಕೂ 'ಸೇ'. ಮಧ್ಯಮ ಹಂತದಲ್ಲಿ ಈ ಸುಳಿವುಗಳು ಕಣ್ಣಿಗೆ ಬೀಳತೊಡಗಿದ ಮೇಲೆ ಹೊಸ ಕಾಂಜಿಯ ಓದನ್ನು ಊಹಿಸಲು ಸಾಧ್ಯವಾಗುತ್ತದೆ.

ಜಪಾನಿನ ಭಾಷಾಶಾಲೆಗಳ ಶಿಕ್ಷಕರು ವಿದ್ಯಾರ್ಥಿಗಳನ್ನು 'ಕಾಂಜಿಕೆನ್' ಮತ್ತು 'ಹಿಕಾಂಜಿಕೆನ್', ಅಂದರೆ ಕಾಂಜಿ ಬಲ್ಲ ನಾಡಿನವರು ಮತ್ತು ಅಲ್ಲದವರು ಎಂದು ವಿಂಗಡಿಸುವುದುಂಟು. ಚೀನಾದಿಂದ ಬಂದವರು ಪುಟವನ್ನು ನೋಡಿದೊಡನೆ ಸಾರವನ್ನು ಊಹಿಸುತ್ತಾರೆ. ಭಾರತ, ನೇಪಾಳ, ವಿಯೆಟ್ನಾಮಿನವರು ಅಕ್ಷರ ಅಕ್ಷರವಾಗಿ ಸಾಗಬೇಕು. ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸುವ ಶಾಲೆಯಲ್ಲಿ ಎರಡನೆಯವರು ಸದ್ದಿಲ್ಲದೆ ಹಿಂದುಳಿಯುತ್ತಾರೆ. ಹಾಗಾಗಿ ಶಾಲೆ ಆರಿಸುವಾಗ ಹಿಕಾಂಜಿಕೆನ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಕಾಂಜಿ ಪಾಠ ಇದೆಯೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಭಾಷಾಶಾಲೆಗಳ ಪ್ರವೇಶ ಸಾಮಾನ್ಯವಾಗಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳುಗಳಲ್ಲಿ. ವಿದ್ಯಾರ್ಥಿ ವೀಸಾದಲ್ಲಿ ಹೆಚ್ಚೆಂದರೆ ಎರಡು ವರ್ಷ ಓದಬಹುದು. ವಾರಕ್ಕೆ ಸುಮಾರು 20 ಗಂಟೆ, ಬೆಳಿಗ್ಗೆ ಇಲ್ಲವೇ ಮಧ್ಯಾಹ್ನ ಪಾಠ. ಆರಂಭದ ಹಂತಕ್ಕೆ 'ಮಿನ್ನ ನೊ ನಿಹೊಂಗೊ' ಅಥವಾ 'ಗೆಂಕಿ', ಆಮೇಲೆ 2009ರಲ್ಲಿ ಬಂದ 'ತೊಬಿರ'ದಂಥ ಪುಸ್ತಕಗಳು ಹೆಚ್ಚು ಬಳಕೆಯಲ್ಲಿವೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಶಾಲೆಗಳಿಗೆ ಸರ್ಕಾರದ ಮಾನ್ಯತೆಯನ್ನೂ ಶಿಕ್ಷಕರಿಗೆ ರಾಷ್ಟ್ರಮಟ್ಟದ ಅರ್ಹತೆಯನ್ನೂ ತಂದಿದೆ. ಸ್ವದೇಶದ ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಅಥವಾ ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಓದುತ್ತಿರುವವರಿಗೆ ಜಪಾನ್ ಸರ್ಕಾರದ ವಿದ್ಯಾರ್ಥಿವೇತನವೂ ಇದೆ. ಅದರಲ್ಲಿ ಸುಮಾರು ಒಂದು ವರ್ಷ ಜಪಾನಿನ ವಿಶ್ವವಿದ್ಯಾಲಯದಲ್ಲಿ ಓದಬಹುದು.

ಜಪಾನಿನಲ್ಲಿದ್ದರೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ನಡುಹಂತದಲ್ಲಿ ಕೆಲಸಕ್ಕೆ ಬರುವುದಿಲ್ಲ. ರೈಲು, ಅಂಗಡಿ, ಬಾಡಿಗೆ ಮನೆ ಇವೆಲ್ಲ ಆರಂಭದ ಹಂತದ ಮಾತಿನಲ್ಲೇ ಸಾಗಿಬಿಡುತ್ತವೆ. ಪರದೇಶಿಯ ಮುಖ ಕಂಡ ಕೂಡಲೇ ಎದುರಿನವರು ತಮ್ಮ ಮಾತನ್ನು ಸರಳಗೊಳಿಸುತ್ತಾರೆ. ಕೋಣೆಗೆ ಮರಳಿದರೆ ಜೊತೆಯವರು ಸ್ವದೇಶದವರೇ. ಊರು ಹೆಚ್ಚಿನದನ್ನು ಕೇಳುವುದಿಲ್ಲವಾದ್ದರಿಂದ ಕಲಿಯುವವರೇ ಅದನ್ನು ಹುಡುಕಿಕೊಂಡು ಹೋಗಬೇಕು.

ಹಾಗೆ ಹುಡುಕುವ ಮೊದಲ ಜಾಗ ಅರೆಕಾಲಿಕ ಕೆಲಸ, ಜಪಾನಿಯಲ್ಲಿ 'ಅರುಬೈತೊ'. ಅನುಮತಿ ಪಡೆದ ವಿದ್ಯಾರ್ಥಿ ವಾರಕ್ಕೆ 28 ಗಂಟೆವರೆಗೆ ದುಡಿಯಬಹುದು. ಬೆಂತೊ ಊಟದ ಡಬ್ಬಿ ತುಂಬುವ ಕಾರ್ಖಾನೆ, ಪಾರ್ಸೆಲ್ ವಿಂಗಡಿಸುವ ಗೋದಾಮುಗಳಲ್ಲಿ ಮಾತಿನ ಅಗತ್ಯವಿಲ್ಲದ್ದರಿಂದ ಕೆಲಸ ಸುಲಭವಾಗಿ ಸಿಗುತ್ತದೆ, ಆದರೆ ಭಾಷೆ ಸಿಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ತರಗತಿಗೆ ಬಂದವರು ನಿದ್ದೆಗಣ್ಣಿನಲ್ಲಿ ಕೂರುತ್ತಾರೆ. ಸಾಧ್ಯವಿರುವವರು ಗಿರಾಕಿಗಳ ಜೊತೆ ಮಾತಾಡಬೇಕಾದ ಅಂಗಡಿ, ಹೋಟೆಲುಗಳನ್ನೇ ಹುಡುಕಬೇಕು. ಗೌರವದ ಮಾತು, 'ಕೇಗೊ', ಕಿವಿಗೆ ಬೀಳುವುದು ಅಲ್ಲಿಯೇ. ತಿನ್ನುವುದಕ್ಕೆ ಸಾಮಾನ್ಯ ಮಾತು 'ತಬೆರು'. ಗಿರಾಕಿ ತಿಂದರೆ 'ಮೆಶಿಅಗರು', ತಾನು ತಿಂದರೆ ವಿನಯದ 'ಇತದಕು'. ಕನ್ನಡದ ಬಹುವಚನದ ಗೌರವ ಗೊತ್ತಿದ್ದವರೂ ಇಲ್ಲಿ ಎಡವುತ್ತಾರೆ. ನಮ್ಮ ಕಡೆ 'ನಮ್ಮ ಮ್ಯಾನೇಜರ್ ಹೊರಗೆ ಹೋಗಿದ್ದಾರೆ' ಎನ್ನುವುದು ಸಭ್ಯತೆ. ಜಪಾನಿನಲ್ಲಿ ಹೊರಗಿನವರ ಮುಂದೆ ತನ್ನ ಮೇಲಧಿಕಾರಿಯ ಹೆಸರಿಗೂ ಗೌರವಸೂಚಕ 'ಸಾನ್' ಸೇರಿಸದೆ ತಗ್ಗಿಸಿಯೇ ಹೇಳಬೇಕು.

ಜೊತೆ ಕೆಲಸಗಾರರ ಹರಟೆ ಇನ್ನೊಂದು ಪಾಠ. ಪುಸ್ತಕದ 'ತಬೆತೆ ಶಿಮತ್ತ' ಬಾಯಲ್ಲಿ 'ತಬೆಚತ್ತ' ಆಗುತ್ತದೆ, 'ಮಾಡಿದ್ದೇನೆ' ಎಂಬುದು ಮಾತಿನಲ್ಲಿ 'ಮಾಡಿದೀನಿ' ಆಗುವ ಹಾಗೆಯೇ. ಒಸಾಕಾದಲ್ಲಾದರೆ 'ಆಗದು' ಎನ್ನಲು 'ದಮೆ' ಬದಲು 'ಅಕನ್' ಕೇಳಿಸುತ್ತದೆ. ಗ್ರಂಥದ ಕನ್ನಡ, ಬೆಂಗಳೂರಿನ ಕನ್ನಡ, ಧಾರವಾಡದ ಕನ್ನಡಗಳ ನಡುವೆ ಓಡಾಡಿ ಬೆಳೆದವರಿಗೆ ಇದು ಹೊಸ ಅನುಭವವೇನಲ್ಲ.

ಎರಡನೆಯ ಜಾಗ ಸಾರ್ವಜನಿಕ ಸೌಲಭ್ಯಗಳು. ನಗರಪಾಲಿಕೆಗಳ ಅಂತರರಾಷ್ಟ್ರೀಯ ವಿನಿಮಯ ಸಂಘಗಳು ಸ್ವಯಂಸೇವಕರ ಸಹಾಯದಿಂದ ಪುಕ್ಕಟೆಯಾಗಿ ಅಥವಾ ಅಲ್ಪ ಶುಲ್ಕಕ್ಕೆ ಜಪಾನಿ ಪಾಠ ನಡೆಸುತ್ತವೆ. ಕಲಿಸುವವರಲ್ಲಿ ಬಿಡುವಾಗಿ ಮಾತಾಡುವ ನಿವೃತ್ತರು ಅನೇಕರು. 1995ರ ಹಾನ್ಶಿನ್ ಭೂಕಂಪದಲ್ಲಿ ಸೂಚನೆಗಳು ಅರ್ಥವಾಗದೆ ವಿದೇಶಿಯರು ಸಂಕಟಪಟ್ಟ ಬಳಿಕ 'ಯಸಶೀ ನಿಹೊಂಗೊ', ಸುಲಭ ಜಪಾನಿ, ಎಂಬ ಪ್ರಯತ್ನ ಬೆಳೆಯಿತು. ಎತ್ತರದ ಜಾಗಕ್ಕೆ ಸ್ಥಳಾಂತರಗೊಳ್ಳಿ ಎಂಬ ಬಿಗಿ ಕಾಂಜಿ ವಾಕ್ಯದ ಬದಲು ಎತ್ತರದ ಕಡೆ ಓಡಿಹೋಗಿ ಎಂದು ಹೇಳುವ ಕ್ರಮ ಅದು. ಅದೇ ಧಾಟಿಯಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2012ರಲ್ಲಿ ಸುಲಭ ಭಾಷೆಯ ಸುದ್ದಿಗಳನ್ನು ಆರಂಭಿಸಿತು. ಕಾಂಜಿಯ ಮೇಲೆ ಸಣ್ಣದಾಗಿ ಉಚ್ಚಾರ ಬರೆದಿರುವ ಆ ಸುದ್ದಿಗಳು ಎನ್4 ದಾಟಿದವರಿಗೆ ಒಳ್ಳೆಯ ಸೇತುವೆ. ಮಧ್ಯಮ ಹಂತದಲ್ಲೂ ಅಲ್ಲಿಯೇ ನಿಂತರೆ ಮಾತ್ರ ಬೆಳವಣಿಗೆ ನಿಲ್ಲುತ್ತದೆ. ಗ್ರಂಥಾಲಯದ ಮಕ್ಕಳ ವಿಭಾಗದಿಂದ ಶುರುಮಾಡಿ, ನಿಘಂಟು ಮುಟ್ಟದೆ, ತೊಡಕಾದದ್ದನ್ನು ಬಿಟ್ಟು, ಹಿಡಿಸದ ಪುಸ್ತಕವನ್ನು ಬದಲಿಸುತ್ತ ಹೇರಳವಾಗಿ ಓದುವ 'ತದೊಕು' ವಿಧಾನ ಇಲ್ಲಿಂದ ಮೇಲಕ್ಕೆ ಒಯ್ಯುತ್ತದೆ.

ಮೊದಲು ಹೇಳಿದ ಭಾಷಾ ಸಾಮರ್ಥ್ಯ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ಗಳಲ್ಲಿ ನಡೆಯುತ್ತದೆ. ಭಾರತದ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಒಟ್ಟು 180 ಅಂಕಗಳಲ್ಲಿ ತೇರ್ಗಡೆಗೆ ಎನ್3ಕ್ಕೆ 95, ಎನ್2ಕ್ಕೆ 90 ಬೇಕು. ಭಾಷಾಜ್ಞಾನ, ಓದು, ಆಲಿಸುವಿಕೆ ಎಂಬ 60 ಅಂಕಗಳ ಪ್ರತಿ ಭಾಗದಲ್ಲೂ ಕನಿಷ್ಠ 19 ಬರಬೇಕಾದ್ದರಿಂದ, ಒಂದರಲ್ಲಿ ಗಳಿಸಿ ಇನ್ನೊಂದರ ಕೊರತೆ ಮುಚ್ಚಲಾಗುವುದಿಲ್ಲ. ಮಾತು ಮತ್ತು ಬರವಣಿಗೆಯ ಪರೀಕ್ಷೆ ಇದರಲ್ಲಿಲ್ಲ. ಆದ್ದರಿಂದ ಎನ್2 ಪ್ರಮಾಣಪತ್ರ ಇದ್ದವರನ್ನೂ ಸಂದರ್ಶನದಲ್ಲಿ ಜಪಾನಿಯಲ್ಲೇ ಮಾತಾಡಿಸಿ ನೋಡುವ ಕಂಪನಿಗಳಿವೆ. ಟೋಕಿಯೊದ ಕಚೇರಿಗೂ ಬೆಂಗಳೂರಿನ ತಂಡಕ್ಕೂ ನಡುವೆ ನಿಲ್ಲುವ ಬ್ರಿಡ್ಜ್ ಎಂಜಿನಿಯರ್ ಕೆಲಸಕ್ಕೆ, ದುಭಾಷಿ ಕೆಲಸಕ್ಕೆ ಹೋಗಬಯಸುವವರು ಶಾಲೆಯ ಅವಧಿಯಲ್ಲೇ ವರದಿ ಬರೆಯುವುದನ್ನೂ ಫೋನಿನಲ್ಲಿ ಮಾತಾಡುವುದನ್ನೂ ಬೇರೆಯಾಗಿ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.