ಇಸಬ್‌ಗೋಲ್ ಬೇಕು, ಮಾತ್ರೆಯೂ ಬೇಕು. ಎರಡೂ ಒಟ್ಟಿಗೆ ಬೇಡ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯದ ಮಾತು ಬಂದೇ ಬರುತ್ತದೆ. ಆಗ ಗರ್ಭಿಣಿಯರು ನಮ್ಮನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತಾರೆ: "ಸಿಸ್ಟರ್, ಕಬ್ಬಿಣದ ಮಾತ್ರೆ ತಗೊಂಡ್ರೆ ಎರಡು ದಿನ ಆದ್ರೂ ಹೊರಕಡೆ ಸರಿಯಾಗಿ ಆಗಲ್ಲ." ನಾಚಿಕೆ ಬೇಡ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಆಗುವುದು ಸಾಮಾನ್ಯ. ಇದಕ್ಕೆ ಕೆಲವರು ಮೆಡಿಕಲ್ ಶಾಪಿನಿಂದ ಇಸಬ್‌ಗೋಲ್ ತಂದು, ರಾತ್ರಿ ಮಾತ್ರೆಯ ಜೊತೆಯಲ್ಲೇ ಕುಡಿದು ಮಲಗುತ್ತಾರೆ. ತಪ್ಪು ಆಗುವುದು ಇಲ್ಲೇ.

ಇಸಬ್‌ಗೋಲ್ ಎಂದರೇನು?

ಇದು ಒಂದು ಬೀಜದ ಮೇಲಿನ ಹೊಟ್ಟು. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಹೆಚ್ಚಾಗಿ ಬೆಳೆಯುತ್ತಾರೆ. ಈ ಹೊಟ್ಟಿನಲ್ಲಿ ಬಹುಪಾಲು ನಾರೇ ಇದೆ. ನೀರು ಹೀರಿ ಲೋಳೆಯಂತೆ ಉಬ್ಬುತ್ತದೆ, ಕರುಳಿನಲ್ಲಿ ಮಲವನ್ನು ಮೆತ್ತಗೆ ಮಾಡುತ್ತದೆ. ಕುಡಿದ ಕೂಡಲೇ ಕೆಲಸ ಮಾಡುವುದಿಲ್ಲ. 12 ಗಂಟೆಯಿಂದ 3 ದಿನ ಬೇಕಾಗಬಹುದು. ಅವಸರಪಟ್ಟು ಅಳತೆ ಹೆಚ್ಚಿಸಬೇಡಿ.

ಎಷ್ಟು, ಹೇಗೆ?

* ದೊಡ್ಡವರು ದಿನಕ್ಕೆ ಒಂದು ಸಲ, 1 ಟೀ ಚಮಚದಿಂದ ಶುರು ಮಾಡಿ. ಬೇಕೆನಿಸಿದರೆ ಕೆಲವು ದಿನ ಬಿಟ್ಟು 2 ಚಮಚ ಮಾಡಬಹುದು. ಒಮ್ಮೆಲೇ ಹೆಚ್ಚು ತಗೊಂಡರೆ ಹೊಟ್ಟೆ ಉಬ್ಬುತ್ತದೆ, ಗ್ಯಾಸ್ ಆಗುತ್ತದೆ.
* ಒಂದು ದೊಡ್ಡ ಲೋಟ (ಸುಮಾರು 240 ಮಿ.ಲೀ.) ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ.
* ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಳ್ಳಲೇಬೇಡಿ. ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು.
* ಕುಡಿದ ತಕ್ಷಣ ಮಲಗಬೇಡಿ.

ಮಾತ್ರೆಯ ಜೊತೆ ಏಕೆ ಬೇಡ?

ಇಸಬ್‌ಗೋಲಿನ ಲೋಳೆ ಮಾತ್ರೆಯನ್ನೂ ಸುತ್ತಿಕೊಳ್ಳುತ್ತದೆ. ಆಗ ಔಷಧಿ ಮೈಗೆ ಹತ್ತುವುದು ಕಡಿಮೆಯಾಗಬಹುದು. ಸರ್ಕಾರ ಗರ್ಭಿಣಿಯರಿಗೆ 180 ದಿನ, ಹೆರಿಗೆಯ ನಂತರವೂ 180 ದಿನ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ ಇದೆ. ಅದು ದೇಹ ಸೇರದಿದ್ದರೆ ದಿನಾ ನುಂಗಿಯೂ ಏನು ಲಾಭ? ಮಾತ್ರೆ ತಪ್ಪಿಸದಿದ್ದರೂ ರಕ್ತ ಏರುತ್ತಿಲ್ಲ ಎಂದರೆ ಹೀಗೆ ಒಟ್ಟಿಗೆ ನುಂಗುವುದೂ ಒಂದು ಕಾರಣ ಇರಬಹುದು. ಟೀ, ಕಾಫಿ, ಹಾಲಿನ ಜೊತೆ ಮಾತ್ರೆ ಬೇಡ ಎಂದು ಆಶಾ ಕಾರ್ಯಕರ್ತೆಯರು ಹೇಳುವುದೂ ಇಂಥ ಕಾರಣಕ್ಕೇ.

ಆದ್ದರಿಂದ ಯಾವುದೇ ಮಾತ್ರೆಗೂ ಇಸಬ್‌ಗೋಲಿಗೂ ಕನಿಷ್ಠ 2 ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೆ 4 ಗಂಟೆ. ಉದಾಹರಣೆಗೆ, ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಸಂಜೆ 5ಕ್ಕೆ ಇಸಬ್‌ಗೋಲ್, ರಾತ್ರಿ ಊಟದ ನಂತರ 9ಕ್ಕೆ ಕಬ್ಬಿಣದ ಮಾತ್ರೆ.

ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕಾದವರು

* ಹೃದಯಕ್ಕೆ ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಫಿಟ್ಸ್‌ಗೆ ಕಾರ್ಬಮಜೆಪಿನ್, ಮಾನಸಿಕ ಕಾಯಿಲೆಗೆ ಲಿಥಿಯಂ ತಗೊಳ್ಳುವವರು.
* ಸಕ್ಕರೆ ಕಾಯಿಲೆಯವರು. ನಾರಿನಿಂದ ರಕ್ತದ ಸಕ್ಕರೆ ಇಳಿಯಬಹುದು. ಮಾತ್ರೆ, ಇನ್ಸುಲಿನ್ ಅಳತೆ ಬದಲಿಸಬೇಕಾದೀತು. ರುಚಿ ಸೇರಿಸಿದ ಕೆಲವು ಪ್ಯಾಕೆಟ್‌ಗಳಲ್ಲಿ ಸಕ್ಕರೆ ಇರುತ್ತದೆ, ನೋಡಿ ಕೊಳ್ಳಿ.
* ಗರ್ಭಿಣಿಯರು. ಮಕ್ಕಳಿಗೆ ಕೊಡುವುದಾದರೂ ಕೇಳಿಯೇ ಕೊಡಿ.

ನುಂಗಲು ಕಷ್ಟ ಇರುವವರಿಗೆ, ಕರುಳು ಕಟ್ಟಿಕೊಂಡವರಿಗೆ ಇದು ಬೇಡವೇ ಬೇಡ. ಮಲದಲ್ಲಿ ರಕ್ತ, ವಾಂತಿ, ತೀವ್ರ ಹೊಟ್ಟೆನೋವು ಕಂಡರೆ, ಅಥವಾ ಮಲದ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗಿ ಎರಡು ವಾರ ದಾಟಿದರೆ, ಮನೆಮದ್ದಿನಲ್ಲೇ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ.

ಊಟದಲ್ಲೇ ಇದೆ ನಾರು

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ಮುದ್ದೆ, ಸೊಪ್ಪಿನ ಸಾರು, ಕಾಳಿನ ಪಲ್ಯ, ಸೀಬೆಹಣ್ಣು ತಿಂದು ನೀರು ಚೆನ್ನಾಗಿ ಕುಡಿದರೆ ಎಷ್ಟೋ ಸಲ ಪ್ಯಾಕೆಟ್ಟೇ ಬೇಕಾಗುವುದಿಲ್ಲ.

ಮಲಬದ್ಧತೆ ಆಯಿತೆಂದು ಕಬ್ಬಿಣದ ಮಾತ್ರೆಯನ್ನು ಮಾತ್ರ ಬಿಡಬೇಡಿ. ಮುಂದಿನ ಸಭೆಗೆ ಪ್ರತಿಯೊಬ್ಬರೂ ತಾವು ನುಂಗುವ ಮಾತ್ರೆಗಳನ್ನು ತನ್ನಿ. ಯಾವುದನ್ನು ಯಾವ ಹೊತ್ತಿಗೆ ಎಂದು ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು, ಅಡುಗೆಮನೆ ಗೋಡೆಗೆ ಅಂಟಿಸೋಣ. ಓದಲು ಬಾರದ ಅಕ್ಕಂದಿರಿಗೆ ಸೂರ್ಯ, ಚಂದ್ರರ ಚಿತ್ರ ಬರೆದು ಕೊಡೋಣ.