ಅಂಕಕ್ಕೂ ಮೊದಲೇ ಸೀಟು

ಮುಂಬಯಿ, ಪುಣೆಯ ನಮ್ಮ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಅಂಕಪಟ್ಟಿ ಬಂದ ಮೇಲೆ ಡಿಗ್ರಿ ಕಾಲೇಜಿನ ಓಡಾಟ ಶುರು. ಇಂಗ್ಲೆಂಡಿನಲ್ಲಿ ಇದು ತಿರುವುಮುರುವು.

ಅಲ್ಲಿ ಹದಿನಾರಕ್ಕೆ ಜಿಸಿಎಸ್‌ಇ ಪರೀಕ್ಷೆ. ಯೂನಿವರ್ಸಿಟಿಯ ಆಸೆಯಿರುವ ಹೆಚ್ಚಿನವರು ಆಮೇಲೆ ಮೂರೇ ವಿಷಯ ಆರಿಸಿಕೊಂಡು ಎರಡು ವರ್ಷ ಎ-ಲೆವೆಲ್ ಓದುತ್ತಾರೆ. ಗಣಿತದ ಜೊತೆ ಇತಿಹಾಸ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ರಸಾಯನಶಾಸ್ತ್ರ ಬಿಟ್ಟ ಹುಡುಗಿಗೆ ಡಾಕ್ಟರಾಗುವ ಬಾಗಿಲು ಬಹುಪಾಲು ಅಲ್ಲೇ ಮುಚ್ಚುತ್ತದೆ. ಆ ವಯಸ್ಸಿಗೆ ಇದು ಭಾರದ ತೀರ್ಮಾನವೇ ಸರಿ.

ಅರ್ಜಿ ಹಾಕುವುದು ಅಂತಿಮ ಪರೀಕ್ಷೆಗೆ ತಿಂಗಳುಗಳ ಮೊದಲು, ಯುಕಾಸ್ ಎಂಬ ಸಂಸ್ಥೆಯ ಮೂಲಕ, ಐದು ಆಯ್ಕೆಗಳವರೆಗೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ! ಈ ಮಗು ಇಷ್ಟು ಗ್ರೇಡ್ ತೆಗೆದೀತು ಎಂದು ಶಿಕ್ಷಕರು ಬರೆದುಕೊಟ್ಟ ಅಂದಾಜಿಗೆ ಅಲ್ಲಿ ಬಹಳ ಬೆಲೆ. ಅದನ್ನು ನೋಡಿ ಷರತ್ತಿನ ಸೀಟು ಸಿಗುತ್ತದೆ. ಆಗಸ್ಟ್‌ನ ಫಲಿತಾಂಶದಲ್ಲಿ ಒಂದು ಗ್ರೇಡ್ ಕುಸಿದರೂ ಅದು ಕೈತಪ್ಪಬಹುದು. ಆಗ ಉಳಿಕೆ ಸೀಟುಗಳಿಗಾಗಿ 'ಕ್ಲಿಯರಿಂಗ್'ನಲ್ಲಿ ಫೋನ್ ಹಿಡಿದು ಕೂರಬೇಕು.

ಶುಲ್ಕ? 1998ರವರೆಗೆ ಅಲ್ಲಿನ ಮಕ್ಕಳಿಗೆ ಇರಲೇ ಇಲ್ಲ. 2012ರಲ್ಲಿ ವರ್ಷಕ್ಕೆ ಗರಿಷ್ಠ 9,000 ಪೌಂಡಿಗೇರಿತು. ಸರ್ಕಾರಿ ಸಾಲವಿದೆ. 2023ರ ಆಗಸ್ಟ್‌ನಿಂದ ಸೇರಿದವರು 25,000 ಪೌಂಡ್ ಮೀರಿದ ವಾರ್ಷಿಕ ಗಳಿಕೆಯ ಶೇ. 9ರಷ್ಟು ಕಟ್ಟುತ್ತಾ ಹೋಗಬೇಕು. 40 ವರ್ಷದ ನಂತರ ಉಳಿದದ್ದು ಮನ್ನಾ. ಅಷ್ಟರಲ್ಲಿ ಅವರಿಗೂ ಅರವತ್ತು ದಾಟಿರುತ್ತದೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮಾತ್ರ ಸ್ಥಳೀಯ ಮಕ್ಕಳ ಮೊದಲ ಪದವಿಯ ಶುಲ್ಕವನ್ನು ಅಲ್ಲಿನ ಸರ್ಕಾರವೇ ಭರಿಸುತ್ತದೆ.