ಚಳಿಗಾಲದ ಮನೋವ್ಯಥೆಗೆ ಬೆಳಕೇ ಔಷಧ

ತರಗುಪೇಟೆಯಲ್ಲಿ ಮೂರು ತಲೆಮಾರುಗಳಿಂದ ದವಸಧಾನ್ಯದ ಮಂಡಿ ನಡೆಸುತ್ತಿರುವ ಸದ್ಭಕ್ತರೊಬ್ಬರ ಮನೆಗೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಪ್ರಸಾದಕ್ಕೆ ಹೋಗುವುದು ನಮ್ಮ ಬಹುಕಾಲದ ವಾಡಿಕೆ. ಕೆಲವು ವರ್ಷಗಳ ಹಿಂದೆ ಹಾಗೆ ಹೋಗಿದ್ದಾಗ ಮನೆಯ ಯಜಮಾನರು ತಮ್ಮ ಕಿರಿಯ ಮಗಳ ಚಿಂತೆಯನ್ನು ತೋಡಿಕೊಂಡರು. ಆಕೆ ಮದುವೆಯಾಗಿ ಗಂಡನೊಡನೆ ಲಂಡನ್ನಿಗೆ ಹೋಗಿ ಎರಡು ವರ್ಷಗಳಾಗಿದ್ದವು. ಬೇಸಗೆಯಲ್ಲಿ ನಗುನಗುತ್ತ ಮಾತನಾಡುವ ಹುಡುಗಿ ನವೆಂಬರ್ ಬಂದೊಡನೆ ಮಂಕಾಗುತ್ತಾಳೆ. ಹತ್ತು ಗಂಟೆ ಮಲಗಿದರೂ ನಿದ್ರೆ ಸಾಲದು. ಅನ್ನ, ಬ್ರೆಡ್ಡು, ಸಿಹಿಯೆಂದು ಹೊತ್ತುಗೊತ್ತಿಲ್ಲದೆ ತಿನ್ನುತ್ತಾಳೆ. ಸ್ನಾನ ಪೂಜೆಗಳಲ್ಲಿಯೂ ಮನಸ್ಸಿಲ್ಲ. ಬೀಗರ ಕಡೆಯವರು, ಸೋಮಾರಿ ಹೆಣ್ಣನ್ನು ನಮಗೆ ಕಟ್ಟಿದಿರಿ ಎಂದು ಮುಖಕ್ಕೆ ಹೇಳಿಬಿಟ್ಟಿದ್ದರು. "ಶಾಸ್ತ್ರಿಗಳೆ, ನೀವೇ ಒಂದು ಕಾಗದ ಬರೆದು ಆ ಮಗುವಿಗೆ ಬುದ್ಧಿ ಹೇಳಬೇಕು" ಎಂದು ಯಜಮಾನರು ಕೈಮುಗಿದರು.

ನಾವು ಬರೆದೆವು. ಆಲಸ್ಯವನ್ನು ಗೆಲ್ಲಬೇಕೆಂದೂ, ಸೂರ್ಯೋದಯಕ್ಕೆ ಮೊದಲೇ ಎದ್ದು ಲಿಂಗಪೂಜೆಗೆ ಕುಳಿತರೆ ಮನಸ್ಸು ತಾನಾಗಿ ನೆಟ್ಟಗಾಗುವುದೆಂದೂ ಮೂರು ಪುಟ ತುಂಬಿಸಿದೆವು. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಆ ಕಾಗದ ತಲಪಿದ ಮೇಲೆ ಹುಡುಗಿ ತೌರಿಗೆ ಫೋನು ಮಾಡುವುದನ್ನೇ ಬಿಟ್ಟಳು. ಆಕೆಯನ್ನು ಎತ್ತಿ ನಿಲ್ಲಿಸಿದ್ದು ನಮ್ಮ ಉಪದೇಶವಲ್ಲ. ಅಲ್ಲಿನ ವೈದ್ಯರೊಬ್ಬರ ಸಲಹೆಯಂತೆ ಗಂಡ ಕೊಂಡುತಂದ, ಹಲಗೆಯಷ್ಟು ಅಗಲದ ಒಂದು ದೀಪ.

ಈ ವ್ಯಾಧಿಗೆ ಋತುಮಾನದ ಖಿನ್ನತೆ ಎಂದು ಹೆಸರು. ಇದನ್ನು 1984ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ವೈದ್ಯಲೋಕದ ಮುಂದಿಟ್ಟವರು ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು. ಅವರು ಬೆಳೆದದ್ದು ದಕ್ಷಿಣ ಆಫ್ರಿಕದ ಬಿಸಿಲಿನ ನಗರವಾದ ಜೋಹಾನ್ಸ್‌ಬರ್ಗಿನಲ್ಲಿ. 1976ರಲ್ಲಿ ನ್ಯೂಯಾರ್ಕಿಗೆ ಬಂದ ಮೇಲೆ ಚಳಿಗಾಲದಲ್ಲಿ ತಮ್ಮ ಚೈತನ್ಯವೆಲ್ಲ ಉಡುಗುವುದನ್ನೂ, ವಸಂತದಲ್ಲಿ ಅದು ಮರಳುವುದನ್ನೂ ಸ್ವತಃ ಕಂಡುಕೊಂಡಿದ್ದರು. ತರಗುಪೇಟೆಯ ಹುಡುಗಿಗಾದದ್ದೂ ಅದೇ ಅಲ್ಲವೆ? ಅದಕ್ಕೂ ಮೊದಲು ಹರ್ಬರ್ಟ್ ಕರ್ನ್ ಎಂಬ ಅಮೆರಿಕದ ಇಂಜಿನಿಯರೊಬ್ಬರು ತಮ್ಮ ಮನಸ್ಸಿನ ಏರಿಳಿತಗಳನ್ನು ವರ್ಷಗಟ್ಟಲೆ ಬರೆದಿಟ್ಟು, ಅವು ಹಗಲಿನ ಅಳತೆಯೊಡನೆ ಏರಿಳಿಯುತ್ತವೆಯೆಂದು ಗುರುತಿಸಿ, ಆ ಬರಹದೊಡನೆ ವಿಜ್ಞಾನಿಗಳ ಬಾಗಿಲು ತಟ್ಟಿದ್ದರು. ವರ್ತಕರು ಲೆಕ್ಕ ಬರೆದಿಡುವಂತೆ ತನ್ನ ದುಃಖದ ಲೆಕ್ಕವನ್ನೂ ಬರೆದಿಟ್ಟ ಈ ಮನುಷ್ಯನ ಬಗೆಗೆ ನಮಗೆ ವಿಶೇಷ ಗೌರವವಿದೆ.

ಹಗಲಿನ ಅಳತೆ ಎಂದೆವು. ಬೆಂಗಳೂರು ಇರುವುದು ಹದಿಮೂರನೆಯ ಅಕ್ಷಾಂಶದ ಬಳಿ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಯನ್ನು ಮೀರಿದರೆ, ಡಿಸೆಂಬರಿನಲ್ಲಿ ಅದು ಎಂಟು ಗಂಟೆಯೂ ತುಂಬದು. ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡದ್ದು 2015ರ ನವೆಂಬರ್ 14ರಂದು. ಆ ಚಿತ್ರಗಳನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿ ಹಿಗ್ಗಿದ್ದೀರಿ. ಆ ಊರಿನಲ್ಲಿ ಆ ದಿನಾಂಕದಂದು ಸೂರ್ಯನು ಸಂಜೆ ನಾಲ್ಕೂಕಾಲಕ್ಕೆ ಮುಳುಗಿಬಿಡುತ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆಗೆ ಮರಳುವ ನಮ್ಮ ಮಕ್ಕಳಿಗೆ ವಾರಗಟ್ಟಲೆ ಹಗಲೇ ಕಾಣುವುದಿಲ್ಲ.

ಕಣ್ಣಿರುವುದು ನೋಡುವುದಕ್ಕೆ ಮಾತ್ರವೆಂದು ನಾವೆಲ್ಲ ತಿಳಿದಿದ್ದೆವು. ಕಣ್ಣಿನ ಒಳಪರದೆಯಲ್ಲಿ, ನೋಟಕ್ಕಾಗಿ ಅಲ್ಲದೆ, ಹಗಲಾಯಿತು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಬೇರೆಯೇ ಜೀವಕೋಶಗಳಿರುವುದು 2002ರ ಹೊತ್ತಿಗೆ ದೃಢಪಟ್ಟಿತು. ಆ ಸುದ್ದಿ ತಲಪಿದಾಗ, ರಾತ್ರಿಯ ಹೊತ್ತು ದೇಹದಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ರಸ ತಗ್ಗುತ್ತದೆ, ಒಳಗಿನ ಗಡಿಯಾರ ಸರಿಹೊಂದುತ್ತದೆ. ಮುಂಜಾನೆಯ ಬೆಳಕು ಸಾಲದಿದ್ದರೆ ಈ ಗಡಿಯಾರ ಹಿಂದೆ ಬೀಳುತ್ತದೆ. ಮೈ ಎದ್ದರೂ ಅದರೊಳಗಿನ ರಾತ್ರಿ ಮುಗಿದಿರುವುದಿಲ್ಲ.

ದೀಪ ಮಾಡುವುದು ಈ ಕೊರತೆಯನ್ನು ತುಂಬುವ ಕೆಲಸವನ್ನೇ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಮನೆಯ ಟ್ಯೂಬ್‌ಲೈಟಿನ ಕೆಳಗೆ ಮುನ್ನೂರು ಲಕ್ಸ್ ಸಿಕ್ಕರೆ ಹೆಚ್ಚು. ಚಿಕಿತ್ಸೆಯ ದೀಪ ನೀಡುವುದು ಹತ್ತು ಸಾವಿರ. ಎದ್ದ ಒಂದು ಗಂಟೆಯೊಳಗೆ, ಅದರಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ, ದಿನವೂ ಅರ್ಧ ಗಂಟೆ ಕೂರಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು. ಅದು ಓರೆಯಾಗಿದ್ದರೆ ಸಾಕು. ಕಣ್ಣಿಗೆ ಹಾನಿಮಾಡುವ ಅತಿನೇರಳೆ ಕಿರಣಗಳನ್ನು ಸೋಸಿದ ದೀಪವೇ ಆಗಬೇಕು. ಒಂದೆರಡು ವಾರಗಳಲ್ಲಿ ಗುಣ ಕಾಣುವುದುಂಟು; ನಡುಚಳಿಗಾಲದಲ್ಲಿ ನಿಲ್ಲಿಸಿದರೆ ವ್ಯಾಧಿ ಮರಳುತ್ತದೆ. ಕೆನಡಾ ದೇಶದಲ್ಲಿ 96 ರೋಗಿಗಳನ್ನು ಎರಡು ಗುಂಪುಗಳಾಗಿಸಿ, ಒಂದಕ್ಕೆ ದೀಪವನ್ನೂ ಇನ್ನೊಂದಕ್ಕೆ ಫ್ಲೂಆಕ್ಸಿಟಿನ್ ಮಾತ್ರೆಯನ್ನೂ ಎಂಟು ವಾರ ಕೊಟ್ಟು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರು ಸಮಾನವಾಗಿ ಚೇತರಿಸಿಕೊಂಡಿದ್ದರು. ಹಾಗೆಂದು ಇದು ಸರ್ವರೋಗನಿವಾರಕವಲ್ಲ. ಎಲ್ಲ ವೈದ್ಯರೂ ಇದರಲ್ಲಿ ಒಂದೇ ಬಗೆಯ ವಿಶ್ವಾಸವಿಟ್ಟಿಲ್ಲ. ಬ್ರಿಟನ್ನಿನ ಸರ್ಕಾರಿ ವೈದ್ಯಸೇವೆ ಸಾಮಾನ್ಯವಾಗಿ ದೀಪ ಒದಗಿಸುವುದಿಲ್ಲ, ಕೈಯಿಂದಲೇ ಕೊಳ್ಳಬೇಕು. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಪ್ರಕೃತಿಯವರಿಗೆ ಇದು ಉನ್ಮಾದವನ್ನು ಕೆರಳಿಸಬಹುದು. ಅಂಥವರೂ, ಕಣ್ಣಿನ ಒಳಪರದೆಯ ಕಾಯಿಲೆಯಿರುವವರೂ, ಬೆಳಕಿಗೆ ಮೈ ನವೆಯಾಗಿಸುವ ಮಾತ್ರೆ ಸೇವಿಸುವವರೂ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಲಾಗದು.

ಇಲ್ಲಿರುವ ನಮಗೂ ಒಂದು ದೀಪ ಬೇಕೆ ಎಂದು ತರಗುಪೇಟೆಯಲ್ಲಿ ಒಬ್ಬಿಬ್ಬರು ನಮ್ಮನ್ನು ಕೇಳಿದ್ದಾರೆ. ಬೇಕಾಗುವುದು ಅಪರೂಪ. ಬೆಂಗಳೂರಿನ ಚಳಿಗಾಲ ಬಿಸಿಲಿನ ಕಾಲವೇ; ಇಲ್ಲಿ ಮೋಡ ಕವಿಯುವುದು ಆಷಾಢ ಶ್ರಾವಣಗಳಲ್ಲಿ. ಆದರೆ ಇಕ್ಕಟ್ಟಾದ ಓಣಿಯ ಮಂಡಿಯೊಳಗೆ, ಮೂಟೆಗಳ ಸಾಲಿನ ಹಿಂದೆ, ನಡುಹಗಲಿನಲ್ಲೂ ಟ್ಯೂಬ್‌ಲೈಟು ಹಾಕಿಕೊಂಡು ಗಲ್ಲದ ಮುಂದೆ ಇಡೀ ದಿನ ಕೂರುವವರು ಕಡಿಮೆಯೇನಿಲ್ಲ. ಅವರು ಬೆಳಗ್ಗೆ ಅರ್ಧ ಗಂಟೆ ಲಾಲ್‌ಬಾಗಿನಲ್ಲೋ ಮನೆಯ ತಾರಸಿಯ ಮೇಲೋ ಅಡ್ಡಾಡಿದರೆ, ಹಣ ಕೊಟ್ಟು ಕೊಳ್ಳುವ ಆ ದೀಪದಷ್ಟೇ ಬೆಳಕು ಪುಕ್ಕಟೆಯಾಗಿ ಸಿಗುತ್ತದೆ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸುವ ಸಾಹಸ ಮಾತ್ರ ಯಾರಿಗೂ ಬೇಡ, ಒಳಪರದೆ ಸುಟ್ಟೀತು.

ಇಲ್ಲಿದ್ದೂ ಎರಡು ವಾರಕ್ಕೆ ಮೀರಿ ಮನಸ್ಸು ಕುಸಿದೇ ಇದ್ದರೆ ಅದಕ್ಕೆ ಋತುವನ್ನು ದೂರಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. 1847ರಲ್ಲಿ ಆರಂಭವಾದ ಆಸ್ಪತ್ರೆಯಿಂದ ಬೆಳೆದು, 1974ರಲ್ಲಿ ಈಗಿನ ರೂಪ ಪಡೆದ ನಿಮ್ಹಾನ್ಸ್ ನಮ್ಮೂರಿನಲ್ಲಿಯೇ ಇದೆ. ಹುಚ್ಚಾಸ್ಪತ್ರೆಯೆಂಬ ಹಳೆಯ ಹೆಸರಿಗೆ ಅಂಜಿ ಅದರ ಕಡೆಗೆ ಮುಖಮಾಡದ ಮನೆಗಳನ್ನು ನಾವು ಕಂಡಿದ್ದೇವೆ. ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂಬ ಭಯ ಅವರದು. ಹೋಗಲು ಸಂಕೋಚವಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಮನೆಯಿಂದಲೇ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಲಂಡನ್ನಿನ ಹುಡುಗಿಗೆ ನಾವು ಮತ್ತೊಂದು ಕಾಗದ ಬರೆದು ತಪ್ಪೊಪ್ಪಿಕೊಂಡೆವು. ಆಕೆ ಉತ್ತರಿಸಿದ್ದಳು: "ತಾತಾ, ಪೂಜೆಗೆ ಕೂತಾಗ ದೀಪವನ್ನು ಎಡಗಡೆ ಇಟ್ಟುಕೊಳ್ಳುತ್ತೇನೆ. ಕಣ್ಣು ಅಂಗೈಯ ಮೇಲೆ, ಬೆಳಕು ಪಕ್ಕದಿಂದ. ಅರ್ಧ ಗಂಟೆ ಹೇಗೂ ಬೇಕಲ್ಲ." ಬೀಗರ ಕಡೆಯವರನ್ನು ಒಪ್ಪಿಸಲು ಇನ್ನೊಂದು ಚಳಿಗಾಲ ಹಿಡಿಯಿತು. ಈಗ ಪ್ರತಿ ವರ್ಷ ಮಹಾನವಮಿ ಕಳೆದೊಡನೆ ಯಜಮಾನರು ಮಂಡಿಯಿಂದಲೇ ಮಗಳಿಗೆ ಫೋನು ಹಚ್ಚುತ್ತಾರೆ. "ದೀಪ ಅಟ್ಟದಿಂದ ಇಳಿಸಿದೆಯೇನಮ್ಮಾ?" ಎಂಬುದು ಅವರ ಮೊದಲ ಮಾತು.